ನೆಲ ವಾಪಸ್ ಬರುವವರೆಗೆ

ಜೂನ್ 18

ಅಪ್ಪನಿಗೆ,

ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಅತ್ತೆ ಕೂಗಿಕೊಂಡಿರುತ್ತಾಳೆ. ನೀವು ಹುಬ್ಬು ಕೂಡ ಏರಿಸಿರುವುದಿಲ್ಲ. ಮೊದಲು ಫೋನ್ ಮಾಡಿದ್ದೆ. "ನಿಮ್ಮಪ್ಪನ ಕಿವಿ ಪೂರ್ತಿ ಹೋಯ್ತು ಕಣೆ. ಬಾಗಿಲು ಬಡಿದ್ರೂ ಕೇಳಲ್ಲ. ಮೇಜು ಬಡಿದ್ರೆ ಅಂಗೈಗೆ ಗೊತ್ತಾಗುತ್ತೆ, ಅಷ್ಟೇ" ಎಂದಳು. ಅಷ್ಟೊಂದು ಜನಕ್ಕೆ ಬ್ಯಾಂಡ್ ಕಲಿಸಿದ ನಿಮಗೇ ಹೀಗಾಯಿತಲ್ಲ ಎಂದು ಸಂಕಟವಾಯಿತು. ಫೋನಿನಲ್ಲಿ ಹೇಳುವಂತಿರಲಿಲ್ಲ, ಕಾಗದದಲ್ಲಿ ಹೇಳಿದ್ದೇನೆ.

ಈಗ ಕೆಲಸದ ಮಾತು. ನಾನೊಂದು ಪ್ರಾಥಮಿಕ ಶಾಲೆಯಲ್ಲಿ ಸಂಗೀತದ ಮಿಸ್ ಆಗಿದ್ದೇನೆ. ನವೆಂಬರ್‌ನಲ್ಲಿ ಶಾಲೆಯ ವಾರ್ಷಿಕೋತ್ಸವ. ಮೂರನೇ ಮತ್ತು ನಾಲ್ಕನೇ ತರಗತಿಯ ಅಷ್ಟೂ ಮಕ್ಕಳು ಒಟ್ಟಿಗೆ ಏನಾದರೂ ನುಡಿಸಬೇಕಂತೆ. ನಮ್ಮ ದೊಡ್ಡ ಮಿಸ್, ಅಂದರೆ ಮುಖ್ಯೋಪಾಧ್ಯಾಯಿನಿ, ಹೇಳಿದ್ದು ಹೀಗೆ: "ಒಂದು ಮಗೂನೂ ಬೆಂಚ್ ಕಾಯಬಾರದು. ಎಲ್ಲರ ಅಪ್ಪ ಅಮ್ಮನೂ ಬರ್ತಾರೆ. ಅವರವರ ಮಗು ಅವರವರಿಗೆ ಕಾಣಬೇಕು." ಸಂಗೀತದ ಬೀರುವಿನಲ್ಲಿರುವುದು ಚರ್ಮ ಸಡಿಲಾದ ಕೆಲವು ಡೋಲು, ಮರದ ಪಟ್ಟಿಯ ವಾದ್ಯಗಳು, ಗಂಟೆಗಳು, ಹಿಂದಿನ ಮಕ್ಕಳು ಕಚ್ಚಿ ಕಚ್ಚಿ ಇಟ್ಟ ಪ್ಲಾಸ್ಟಿಕ್ ಕೊಳಲುಗಳು.

ಅಂಗಡಿಯಿಂದ ಸಿಕ್ಕಿದ ಕೃತಿಗಳನ್ನೆಲ್ಲ ತಂದು ನೋಡಿದೆ. ಕೆಲವಕ್ಕೆ ಮಕ್ಕಳ ಬೆರಳು ಸಾಲುವುದಿಲ್ಲ. ಸುಲಭದ್ದೊಂದು ಕೊಟ್ಟರೆ, "ಇದು ಪಾಪುಗಳದ್ದು ಮಿಸ್, ನಾವು ನುಡಿಸಲ್ಲ" ಎಂದು ಮುಖ ತಿರುವಿದರು. ನಾಲ್ಕು ಮಕ್ಕಳು ಚೆನ್ನಾಗಿ ನುಡಿಸಿ ಉಳಿದವರು ಗೋಡೆ ನೋಡುವ ಕೃತಿಗಳೇ ಎಲ್ಲ. ಯಾವುದನ್ನು ಆರಿಸಲಿ? ಇದನ್ನು ಕೇಳಲು ನಿಮ್ಮನ್ನು ಬಿಟ್ಟು ನನಗೆ ಯಾರೂ ಇಲ್ಲ. ನಿಮ್ಮನ್ನು ಕೇಳಲು ಮನಸ್ಸಿರಲಿಲ್ಲ ಎಂಬುದೂ ನಿಜ.

ಉತ್ತರ ಬರೆದರೆ ದಯವಿಟ್ಟು ಪುಕ್ಕಲಿ ಎಂದು ಶುರುಮಾಡಬೇಡಿ.

ನಿಮ್ಮ ಮಗಳು


ಜೂನ್ 27

ಪುಕ್ಕಲಿಗೆ,

ಹಾಗೆ ಕರೆಯಬೇಡಿ ಎಂದು ನೀನು ಬರೆದಿದ್ದೆ. ಬರೆದ ಮೇಲೆ ನನಗೆ ನೆನಪಾಯಿತು. ಅದಕ್ಕಾಗಿ ಇನ್ನೊಂದು ಹಾಳೆ ಹಾಳುಮಾಡುವುದಿಲ್ಲ. ನಗಾರಿ ಬಾರಿಸಿದರೆ ಮೇಜಿನ ಕೆಳಗೆ ಸೇರಿಕೊಳ್ಳುತ್ತಿದ್ದ ಕಾಲದಿಂದ ಇರುವ ಹೆಸರು ಅದು, ನಾನು ಕಟ್ಟಿದ್ದಲ್ಲ, ನೀನೇ ಸಂಪಾದಿಸಿದ್ದು.

ನೀನು ತಲೆಕೆಳಗಾಗಿ ಹುಡುಕುತ್ತಿದ್ದೀಯ. ಜಾಣ ಮಗುವನ್ನು ನೋಡಿ ಕೃತಿ ಆರಿಸಬಾರದು. ನಿನ್ನ ಗುಂಪಿನಲ್ಲಿ ಏನೂ ಬಾರದ ಮಗು ಯಾವುದೋ ಅದನ್ನು ನೋಡು. ಆ ಮಗು ಮೊದಲಿನಿಂದ ಕೊನೆಯವರೆಗೆ ಬಿಡುವಿಲ್ಲದೆ ಮಾಡಬಹುದಾದದ್ದು ಏನಿದೆ? ಅದು ಅಡಿಪಾಯ. ಜಾಣರಿಗೆ ಬೇಕಾದ ಕುಸುರಿಯನ್ನು ಅದರ ಮೇಲೆ ಕಟ್ಟು. ಬಹಳ ಹೊತ್ತು ಸುಮ್ಮನಿರಬೇಕಾದ ಭಾಗ ಯಾರಿಗೂ ಕೊಡಬೇಡ, ಸುಮ್ಮನೆ ನಿಂತ ಮಗು ಪಕ್ಕದವನನ್ನು ಚಿವುಟುತ್ತದೆ. ಕೊಳಲುಗಳನ್ನು ಬೀರುವಿನಲ್ಲೇ ಬಿಡು.

ನನ್ನದೇ 'ಗಿರಣಿ' ಕಳಿಸುತ್ತಿದ್ದೇನೆ. ಡೋಲು ಚಕ್ರ, ಮರದ ಪಟ್ಟಿ ಕಾಳು, ಗಂಟೆ ನೀರು. ವಾದ್ಯ ಸಿಗದ ಮಕ್ಕಳಿಗೆ ಪಾದ. ಕೊನೆಯಲ್ಲಿ ವಾದ್ಯಗಳೆಲ್ಲ ಒಂದೊಂದಾಗಿ ನಿಂತು ಎಲ್ಲರೂ ಪಾದ ತಟ್ಟಬೇಕು. ಒಂದೇ ಪೆಟ್ಟು. ಅಷ್ಟು ಮಕ್ಕಳಿದ್ದರೂ ಕೇಳುವವರಿಗೆ ಒಂದು ದೊಡ್ಡ ಕಾಲು ನಡೆದಂತೆ ಇರಬೇಕು.

ವೇಗವನ್ನು ನಾನು ಬರೆದಿಲ್ಲ, ಬೇಕೆಂದೇ. ಪ್ರತಿ ಹಾಲ್‌ಗೂ ಅದಕ್ಕೆ ಇಷ್ಟವಾದ ಒಂದು ವೇಗ ಇರುತ್ತದೆ. ಸ್ವಲ್ಪ ಸ್ವಲ್ಪವೇ ಬದಲಿಸುತ್ತಾ ಹೋಗು. ಸರಿಯಾದದ್ದು ಸಿಕ್ಕಾಗ ಹಾಲ್ ತಾನೇ ನಿನ್ನ ಜೊತೆ ನುಡಿಸುತ್ತದೆ.

ಇನ್ನೊಂದು. ಶುರುಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸಬೇಡ. ನಿನಗೆ ಆ ಚಾಳಿ ಇದೆ.

ಅಪ್ಪ


ಜುಲೈ 21

ಅಪ್ಪನಿಗೆ,

ಗಿರಣಿ ಮಕ್ಕಳಿಗೆ ಹಿಡಿಸಿದೆ. ಊಟದ ಸಾಲಿನಲ್ಲೂ ತಟ್ಟುತ್ತಾರೆ. ದೊಡ್ಡ ಮಿಸ್ ಕಾರಿಡಾರಿನಲ್ಲಿ ಅದೇ ಲಯದಲ್ಲಿ ನಡೆಯುತ್ತಿದ್ದದ್ದನ್ನು ಕಂಡು ನಾನು ನಗು ತಡೆದುಕೊಂಡೆ.

ನಮ್ಮ ಹಾಲ್ ಮೇಲಿನ ಮಹಡಿಯಲ್ಲಿದೆ. ಹಳೆಯ ಕಟ್ಟಡ, ಹಲಗೆಯ ನೆಲ. ಒಂದು ಕೊನೆಯಲ್ಲಿ ಮೆಟ್ಟಿಲು ಬಂದು ಸೇರುವಲ್ಲಿ ಕಲ್ಲಿನ ಕಟ್ಟೆಯಿದೆ, ನಾನು ಅದರ ಮೇಲೆ ನಿಂತು ಕೈ ಬೀಸುತ್ತೇನೆ. ನೀವು ಹೇಳಿಕೊಟ್ಟದ್ದೇ, ಮಾಸ್ಟರ್ ಎತ್ತರದಲ್ಲಿರಬೇಕು. ಮಕ್ಕಳ ಬೂಟು ಬಿಚ್ಚಿಸಿದ್ದೇನೆ. ಬೂಟಾದರೆ ಚಟಪಟ ಎನ್ನುತ್ತದೆ, ಬರಿಗಾಲಾದರೆ ಗುಮ್ಮೆನ್ನುತ್ತದೆ.

ಒಬ್ಬಳು ಹುಡುಗಿ ಮಾತ್ರ ಪ್ರತಿ ಪೆಟ್ಟಿಗೂ ಹಿಂದೆ ಬೀಳುತ್ತಾಳೆ. ಸದಾ ತನಗೆ ತಾನೇ ಏನೋ ಹೇಳಿಕೊಳ್ಳುತ್ತಿರುವುದರಿಂದ ಎಲ್ಲರೂ ಅವಳನ್ನು ಗೊಣಗಿ ಎನ್ನುತ್ತಾರೆ. ಎಲ್ಲರ ಗುಮ್ ಮುಗಿದ ಮೇಲೆ ಇವಳದೊಂದು ಗುಮ್. ಬೈದೆ, ಮುದ್ದು ಮಾಡಿದೆ, ಲೆಕ್ಕ ಹೇಳಿಕೊಟ್ಟೆ. ಊಹೂಂ.

ಹಾಲ್‌ನ ಕೆಳಗೆ ಶಿಶುವಿಹಾರದ ಕೋಣೆ. ಮಧ್ಯಾಹ್ನ ಪಾಪುಗಳನ್ನು ಸಾಲಾಗಿ ಮಲಗಿಸಿರುತ್ತಾರೆ. ಅಲ್ಲಿಯ ಆಯಾ ನಿನ್ನೆ ಸೊಂಟಕ್ಕೆ ಕೈ ಕೊಟ್ಟು ಮೇಲೆ ಬಂದಳು. "ಮಿಸ್ಸಮ್ಮಾ, ನೀವು ಮೇಲೆ ಕುಣಿಸ್ತೀರಾ, ಕೆಳಗೆ ನನ್ನ ಮಕ್ಕಳ ಮುಖಕ್ಕೆಲ್ಲ ಸುಣ್ಣ. ಒಂದಂತೂ ನಿದ್ದೇಲಿ ಚಪ್ಪರಿಸ್ತಾ ಇತ್ತು!" ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ.

ನೀವು ಬರೆದ ಕೊನೆಯ ಸಾಲಿಗೆ ಉತ್ತರ ಕೊಡದೆ ಬಿಡಬೇಕೆಂದಿದ್ದೆ, ಆಗಲಿಲ್ಲ. ನಿಮ್ಮ ಬ್ಯಾಂಡಿನ ಕಾರ್ಯಕ್ರಮದ ಆ ಸಂಜೆ ಅಮ್ಮ ಮುಂದಿನ ಸಾಲಿನಲ್ಲಿ ಕುಸಿದಿದ್ದು ನಿಮಗೆ ಕಾಣಲಿಲ್ಲ. ನಿಮ್ಮ ಬೆನ್ನು ಅತ್ತ ಇತ್ತು. ನನಗೆ ಕಂಡಿತು. ನಾನು ಕೊಳಲು ಬಿಸಾಕಿ ಓಡಿದೆ, ನೀವು ಎಲ್ಲರೆದುರು ಪುಕ್ಕಲಿ ಎಂದು ಕೂಗಿ ಬ್ಯಾಂಡ್ ಮುಂದುವರಿಸಿದಿರಿ. ಅಮ್ಮನ ಕೈ ನನ್ನ ಕೈಯಲ್ಲಿ ತಣ್ಣಗಾಗುವಾಗ ಹಿಂದೆ ನಿಮ್ಮ ಕೃತಿ ಕೊನೆಯವರೆಗೂ ಕೇಳಿಸುತ್ತಿತ್ತು. ಅದು ಚಾಳಿಯಲ್ಲ ಅಪ್ಪ.

ನಿಮ್ಮ ಮಗಳು


ಆಗಸ್ಟ್ 9

ಪುಕ್ಕಲಿಗೆ,

ಹಿಂದೆ ಬೀಳುವ ಮಗುವನ್ನು ಗಟ್ಟಿ ಲಯದ ಇಬ್ಬರು ಮಕ್ಕಳ ನಡುವೆ ನಿಲ್ಲಿಸು. ಅವರು ಅವಳ ಕೈ ಹಿಡಿದುಕೊಳ್ಳಲಿ. ಮೈ ಕಲಿಯುತ್ತದೆ, ತಲೆಗೆ ಹೇಳಿ ಪ್ರಯೋಜನವಿಲ್ಲ. ಒಬ್ಬಳಿಗೋಸ್ಕರ ಪೆಟ್ಟು ಒಡೆಯಲು ಬಿಡಬೇಡ.

ಸುಣ್ಣ ಉದುರಿದರೆ ಉದುರಲಿ. ಹಳೆಯ ಹಾಲ್ ಬಹಳ ದಿನ ಸುಮ್ಮನಿದ್ದು ಈಗ ಮೈ ಕೊಡವುತ್ತಿದೆ. ಆಯಾಳಿಗೆ ಹಾಸಿಗೆ ಪಕ್ಕಕ್ಕೆ ಎಳೆದುಕೊಳ್ಳಲು ಹೇಳು.

ವೇಗ ಇನ್ನೂ ಹುಡುಕಿದಂತೆ ಕಾಣುವುದಿಲ್ಲ. ಹುಡುಕು.

ಆ ಸಂಜೆಯ ಬಗ್ಗೆ ಬರೆಯಲು ನನಗೆ ಬರುವುದಿಲ್ಲ. ಎರಡು ಹಾಳೆ ಬರೆದೆ, ಹರಿದೆ. ಸ್ವರ ಬರೆಯುವುದಷ್ಟೇ ಕಲಿತವನು ನಾನು.

ಅಪ್ಪ


ಸೆಪ್ಟೆಂಬರ್ 24

ಅಪ್ಪನಿಗೆ,

ವೇಗ ಸಿಕ್ಕಿತು. ನೀವು ಹೇಳಿದ್ದು ಅಕ್ಷರಶಃ ನಿಜ. ಇಷ್ಟು ದಿನ ಮಕ್ಕಳನ್ನು ಓಡಿಸುತ್ತಿದ್ದೆ. ಮೊನ್ನೆ ಸುಸ್ತಾಗಿ ನಾನೇ ಕೈ ನಿಧಾನ ಮಾಡಿದೆ, ಇನ್ನೂ ನಿಧಾನ ಮಾಡಿದೆ. ಒಂದು ಕಡೆ ಬಂದಾಗ ಇದ್ದಕ್ಕಿದ್ದಂತೆ ಶಬ್ದ ಇಮ್ಮಡಿಯಾಯಿತು. ಮಕ್ಕಳು ಜೋರಾಗಿ ತಟ್ಟಲಿಲ್ಲ. ಹಾಲೇ ತಟ್ಟಿತು. ಕಿಟಕಿಯ ಗಾಜುಗಳು ಝೇಂಕರಿಸಿದವು, ಕೆಳಗೆ ಆಫೀಸಿನಲ್ಲಿ ಗುಮಾಸ್ತರ ಮಸಿ ಚೆಲ್ಲಿತಂತೆ. ಮಕ್ಕಳು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡಿದರು. ನನಗೆ ಮೈ ಜುಮ್ಮೆಂದಿತು, ಖುಷಿಗೂ ಇರಬಹುದು.

ಇನ್ನೊಂದು ಆಶ್ಚರ್ಯ. ಇಬ್ಬರ ಮಧ್ಯೆ ಕೈ ಹಿಡಿಸಿ ನಿಲ್ಲಿಸಿದರೂ ಸರಿಹೋಗದ ಗೊಣಗಿ ಈ ವೇಗಕ್ಕೆ ಬಂದ ಕೂಡಲೇ ಸರಿಹೋದಳು! ಅಂದಿನಿಂದ ಒಂದು ಪೆಟ್ಟೂ ತಪ್ಪಿಲ್ಲ. ಈಗ ನಿಜವಾಗಿಯೂ ಒಂದೇ ಕಾಲು.

ಆದರೆ ಹಾಲ್‌ನ ಬಾಗಿಲು ಈಗ ಮುಚ್ಚುವುದಿಲ್ಲ. ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಹೆಗಲು ಕೊಟ್ಟು ನೂಕಬೇಕು. ಕೆಳಗಿನ ಕೋಣೆಯಲ್ಲಿ ಗೋಡೆ ಮತ್ತು ಮಾಳಿಗೆ ಸೇರುವ ಕಡೆ ಕೂದಲಿನಂತೆ ಒಂದು ಗೆರೆ ಬಿದ್ದಿದೆ. ದೊಡ್ಡ ಮಿಸ್‌ಗೆ ತೋರಿಸಿದೆ. "ಅಯ್ಯೋ, ಈ ಕಟ್ಟಡ ನನಗಿಂತ ಗಟ್ಟಿ. ನನ್ನ ಮುಖದ ಗೆರೆ ನೋಡಿಲ್ವಾ?" ಎಂದು ನಕ್ಕುಬಿಟ್ಟರು. ವಾರ್ಷಿಕೋತ್ಸವ ಮುಗಿದ ಮೇಲೆ ಮೇಸ್ತ್ರಿಯನ್ನು ಕರೆಸುತ್ತಾರಂತೆ.

ನನಗೇನೋ ಕಸಿವಿಸಿ. ರಿಹರ್ಸಲ್ ನಿಲ್ಲಿಸಲೇ ಎಂದು ಬರೆಯಲು ಹೊರಟೆ, ನಿಮ್ಮ ಮುಖ ನೆನಪಾಯಿತು. ಮತ್ತೆ ಮೇಜಿನ ಕೆಳಗೆ ಸೇರುತ್ತಿದ್ದೇನೆ ಎಂದುಕೊಳ್ಳುತ್ತೀರಿ. ಇರಲಿ ಬಿಡಿ. ನೀವೇನು ಹೇಳುತ್ತೀರಿ ಎಂದು ಮಾತ್ರ ಬರೆಯಿರಿ.

ನಿಮ್ಮ ಮಗಳು


ಅಕ್ಟೋಬರ್ 12

ಕೂಸೇ,

ಅತ್ತೆ ಬರೆಯುವುದು. ನಿಮ್ಮಪ್ಪನಿಗೆ ಜ್ವರ ಎದೆಗೆ ಇಳಿದು ಆಸ್ಪತ್ರೆಯಲ್ಲಿ ಮಲಗಿಸಿದ್ದಾರೆ. ಗಾಬರಿಯಾಗಬೇಡ, ಗಂಡಾಂತರ ಕಳೆಯಿತು ಎಂದು ಡಾಕ್ಟರ್ ಹೇಳಿದರು. ನರ್ಸ್‌ಗಳ ಹತ್ತಿರ ಜಗಳ ಶುರುಮಾಡಿದ್ದಾನೆ, ಅಂದರೆ ಹುಷಾರಾಗುತ್ತಿದ್ದಾನೆ.

ನಿನ್ನ ಕಾಗದ ಬಂದಿದೆ. ಕನ್ನಡಕ ಹಾಕಿಕೊಂಡು ಕೂರುವ ಶಕ್ತಿ ಅವನಿಗಿಲ್ಲ, ಮನೆಯಲ್ಲೇ ತೆಗೆದಿಟ್ಟಿದ್ದೇನೆ, ಬಂದ ಮೇಲೆ ಓದಲಿ. ಜ್ವರದಲ್ಲೂ ಮಂಚದ ಸರಳಿಗೆ ಬೆರಳಲ್ಲಿ ಏನೋ ತಟ್ಟುತ್ತಾ ಇರುತ್ತಾನೆ. ನಿಮ್ಮಮ್ಮನ ಹೆಸರು ಹಿಡಿದು, "ಅತ್ತ ತಿರುಗಿ ನೋಡ್ಬೇಕಿತ್ತು" ಎಂದ. ಯಾವತ್ತೂ ಅಂದವನಲ್ಲ. ನಿನಗೆ ಹೇಳಬೇಕು ಅನ್ನಿಸಿತು, ಹೇಳಿದೆ. ನಾನು ಹೇಳಿದೆ ಎಂದು ಅವನಿಗೆ ಗೊತ್ತಾಗದಿರಲಿ, ನನ್ನ ಜೀವ ತಿನ್ನುತ್ತಾನೆ.

ನಿನ್ನ ಅತ್ತೆ


ನವೆಂಬರ್ 3

ಅಪ್ಪನಿಗೆ,

ಮನೆಗೆ ಬಂದಿರಿ ಎಂದು ಅತ್ತೆ ಫೋನ್ ಮಾಡಿದಳು. ಅವತ್ತು ಅತ್ತುಬಿಟ್ಟೆ. ಇನ್ನು ಮೇಲೆ ಕಾಗದ ಬರೆಯಲು ಯಾರಿದ್ದಾರೆ ಎಂದು ಹೆದರಿದ್ದೆ.

ಐದು ದಿನ ಕಳೆದರೆ ಕೊನೆಯ ರಿಹರ್ಸಲ್, ಮಾರನೆಯ ದಿನ ಕಾರ್ಯಕ್ರಮ. ಅಪ್ಪ ಅಮ್ಮಂದಿರಿಗಾಗಿ ಹಾಲ್‌ನೊಳಗೆ ಕಬ್ಬಿಣದ ಕುರ್ಚಿಗಳನ್ನು ಹೊತ್ತು ತಂದು ಸಾಲುಸಾಲಾಗಿ ಜೋಡಿಸುತ್ತಿದ್ದಾರೆ. ಬಾಗಿಲು ಮುಚ್ಚದ್ದರಿಂದ ಬಡಗಿ ಅದರ ಅಂಚು ಹೆರೆದು ಕೊಟ್ಟಿದ್ದ. ವಾರದೊಳಗೆ ಮತ್ತೆ ಕಚ್ಚಿತು. ಮತ್ತೆ ಹೆರೆದ. "ಬಾಗಿಲು ಬೆಳೀತಾ ಇದೆಯಲ್ಲ ಮಿಸ್, ಗೊಬ್ಬರ ಹಾಕಿದ್ರಾ?" ಎಂದ.

ಗೊಣಗಿಯ ಒಂದು ಮಾತು ಬರೆಯುತ್ತೇನೆ, ನಿಮಗೆ ನಗು ಬರಬಹುದು. ಹೇಗೆ ಸರಿಹೋದೆ ಪುಟ್ಟಿ ಎಂದು ಕೇಳಿದೆ.

"ನಾನು ಸರಿಹೋಗ್ಲಿಲ್ಲ ಮಿಸ್. ನೀವು ಸರಿಹೋದ್ರಿ."

"ಓಹೋ! ಅದು ಹೇಗಮ್ಮಾ?"

"ನಾನು ಮೊದಲಿಂದಾನೂ ನೆಲ ವಾಪಸ್ ಬರೋವರೆಗೂ ಕಾಯ್ತಿದ್ದೆ. ನೀವ್ಯಾರೂ ಕಾಯ್ತಿರಲಿಲ್ಲ. ಈಗ ಎಲ್ಲರೂ ಕಾಯ್ತೀರ."

"ನೆಲ ಎಲ್ಲಿಗೆ ಹೋಗುತ್ತೆ?"

"ಕೆಳಗೆ" ಎಂದಳು. ಅಷ್ಟು ಗೊತ್ತಿಲ್ಲವೇ ಎಂಬಂತೆ ನನ್ನನ್ನು ನೋಡಿದಳು.

ಎಂಥ ಕಲ್ಪನೆ ನೋಡಿ. ಆಮೇಲೆ ಮನೆಗೆ ಬಂದು ಊಟಕ್ಕೆ ಕೂತಾಗಲೂ ಯಾಕೋ ಅವಳ ಮಾತೇ ನೆನಪಾಗುತ್ತಿತ್ತು.

ನಿಮ್ಮ ಮಗಳು


ನವೆಂಬರ್ 8, ಸಂಜೆ

ಮಗಳೇ,

ನಿಲ್ಲಿಸು.

ನಿಮ್ಮತ್ತೆ ತೆಗೆದಿಟ್ಟು ಮರೆತಿದ್ದ ಕಾಗದವನ್ನೂ ಇಂದು ಬಂದದ್ದನ್ನೂ ಒಟ್ಟಿಗೆ ಓದಿದೆ. ಬಾಗಿಲು, ಗೋಡೆಯ ಗೆರೆ, ಗಾಜು, ಆ ಮಗುವಿನ ಮಾತು. ಜೋಕಾಲಿಯನ್ನು ಅದು ಹಿಂದೆ ಬಂದ ಹೊತ್ತಿಗೇ ಸರಿಯಾಗಿ ತಳ್ಳಿದರೆ ಸಣ್ಣ ಮಗು ಕೂಡ ಎಷ್ಟು ಮೇಲಕ್ಕೆ ತೂಗಬಲ್ಲದು! ಹಾಲ್‌ಗೆ ಇಷ್ಟವಾದ ವೇಗ ಎಂದು ನಾನು ಜಂಬದಿಂದ ಹೇಳಿದ್ದು ಅದೇ. ಹಲಗೆಯ ಕೆಳಗಿನ ತೊಲೆಗಳು ತೂಗುತ್ತಿವೆ. ಪ್ರತಿ ಪೆಟ್ಟಿಗೂ ಗೋಡೆಯಿಂದ ಒಂದಿಷ್ಟು ಹೊರಗೆ ಬರುತ್ತಿವೆ. ಅದನ್ನು ಕಾಲಲ್ಲಿ ಕಂಡುಕೊಂಡವಳು ಆ ಮಗು ಒಬ್ಬಳೇ. ಅವಳನ್ನು ತಿದ್ದು ಎಂದು ನಾನು ಬರೆದೆ. ನಿನಗೆ ಕಸಿವಿಸಿಯಾದರೂ ನನ್ನ ಮೂದಲಿಕೆಗೆ ಹೆದರಿ ಸುಮ್ಮನಾದೆ.

ಮಧ್ಯಾಹ್ನವೇ ನಿಮ್ಮತ್ತೆಯಿಂದ ಶಾಲೆಗೆ ಫೋನ್ ಮಾಡಿಸಿದೆ. ಗುಮಾಸ್ತ, ಎಲ್ಲರೂ ಮೇಲೆ ಹಾಲ್‌ನಲ್ಲಿದ್ದಾರೆ, ಕೊನೆಯ ರಿಹರ್ಸಲ್, ಹೋಗಿ ಕರೆಯುತ್ತೇನೆ ಎಂದು ಫೋನನ್ನು ಮೇಜಿನ ಮೇಲಿಟ್ಟು ಹೋದನಂತೆ. ನಿಮ್ಮತ್ತೆಯ ಮುಖ ಬಿಳಿಚಿತು. "ಕೇಳು, ಇಲ್ಲಿಗೇ ಕೇಳ್ತಿದೆ" ಎಂದು, ನನಗೆ ಕಿವಿಯಿಲ್ಲ ಎಂಬುದನ್ನೂ ಮರೆತು ಹೇಳಿ (ತುಟಿ ನೋಡಿ ತಿಳಿಯಿತು), ಫೋನನ್ನು ನನ್ನ ಕೈಗೆ ತುರುಕಿದಳು. ಅಂಗೈಗೆ ಒತ್ತಿ ಹಿಡಿದೆ. ಗಿರಣಿ. ಕೊನೆಯ ಭಾಗ. ಎಷ್ಟು ಚೆನ್ನಾಗಿ ಕಲಿಸಿದ್ದೀಯೆ, ಒಂದೇ ಪೆಟ್ಟು. ಪೆಟ್ಟು ಪೆಟ್ಟಿಗೂ ದೊಡ್ಡದಾಯಿತು. ಆಮೇಲೆ ಕೃತಿ ಮುಗಿಯುವ ಮೊದಲೇ ನಿಂತುಹೋಯಿತು.

ಯಾಕೆ ನಿಂತಿತು? ಗುಮಾಸ್ತ ವಾಪಸ್ ಬರಲಿಲ್ಲ. ಅದಾದ ಮೇಲೆ ಎಷ್ಟು ಸಲ ಮಾಡಿಸಿದರೂ ಯಾರೂ ಎತ್ತಲಿಲ್ಲ. ಈಗ ಲೈನೇ ಸತ್ತಿದೆ ಎಂದು ನಿಮ್ಮತ್ತೆ ಬರೆದು ತೋರಿಸುತ್ತಿದ್ದಾಳೆ. ಬೆಳಗಿನ ಮೊದಲ ಬಸ್ಸಿಗೆ ಹೊರಡುತ್ತೇನೆ. ಅಲ್ಲಿಯವರೆಗೆ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಜೀವಮಾನವಿಡೀ ಯಾರಾದರೂ ಅರ್ಧಕ್ಕೆ ನಿಲ್ಲಿಸಿದರೆ ಸಿಡಿಮಿಡಿಗೊಂಡವನು ನಾನು. ಇವತ್ತು ನಿಲ್ಲಿಸಿದವಳು ನೀನಾಗಿರಲಿ. ಬೇರೆ ಯಾವುದೂ ಆಗಿರದಿರಲಿ.

ಅಪ್ಪ


ನವೆಂಬರ್ 8, ಸಂಜೆ

ಅಪ್ಪಾ,

ನಾನು ಅರ್ಧಕ್ಕೆ ನಿಲ್ಲಿಸಿದೆ.

ಡೋಲಿನ ಹುಡುಗರಲ್ಲಿ ಒಬ್ಬ ಜ್ವರ ಬಂದು ಇವತ್ತು ಬಂದಿರಲಿಲ್ಲ. ಅವನ ಜಾಗಕ್ಕೆ ನಾನೇ ಇಳಿದೆ. ಬೂಟು ಬಿಚ್ಚಿ ಮಕ್ಕಳ ಸಾಲಿನಲ್ಲಿ, ಗೊಣಗಿಯ ಪಕ್ಕ, ಹಲಗೆಯ ಮೇಲೆ. ಇಷ್ಟು ತಿಂಗಳಲ್ಲಿ ಅದೇ ಮೊದಲು. ಕೊನೆಯ ಭಾಗ ಬಂತು, ಡೋಲು ಕೆಳಗಿಟ್ಟು ನಾನೂ ಪಾದ ತಟ್ಟಿದೆ. ಅಪ್ಪಾ, ನೆಲ ಹೋಯಿತು. ನನ್ನ ಕಾಲ ಕೆಳಗಿಂದ ಇಳಿದು ಹೋಯಿತು, ಆಮೇಲೆ ನಿಧಾನವಾಗಿ ಮೇಲೆ ಬಂದು ಪಾದಕ್ಕೆ ತಾಗಿತು. ಗೊಣಗಿ ನನ್ನನ್ನು ನೋಡಿ, "ಗೊತ್ತಾಯ್ತಾ ಮಿಸ್?" ಎಂದಳು.

ಕೈ ಎತ್ತಿದೆ. ಎಲ್ಲರೂ ನಿಂತರು, ಕಲಿಸಿದ ಹಾಗೆಯೇ, ಒಟ್ಟಿಗೆ. ಯಾರೂ ಅಲುಗಲಿಲ್ಲ. ನೆಲ ಮಾತ್ರ ಇನ್ನೊಂದು ಸಲ ಇಳಿದು ಬಂತು, ತನ್ನಷ್ಟಕ್ಕೆ.

ಈಗ ಬೆಕ್ಕಿನ ಆಟ ಎಂದೆ. ಶಬ್ದ ಮಾಡಿದವರು ಔಟ್. ಗೋಡೆಗೆ ಬೆನ್ನು ಹಚ್ಚಿಕೊಂಡು, ತುದಿಗಾಲಿನಲ್ಲಿ, ಒಬ್ಬೊಬ್ಬರಾಗಿ ಹೊರಗೆ. ಮೆಟ್ಟಿಲ ಮೇಲೆ ಗುಮಾಸ್ತರು ಸಿಕ್ಕಿ ಫೋನ್ ಬಂದಿದೆ ಎಂದರು. ಅದು ಹಾಗಿರಲಿ, ಕೆಳಗಿನ ಪಾಪುಗಳನ್ನು ಎತ್ತಿಕೊಳ್ಳಿ ಎಂದೆ. ಆಯಾ ಒಂದು ಮಾತೂ ಕೇಳದೆ ಎರಡು ಕಂಕುಳಿಗೂ ಒಂದೊಂದು ಮಗು ಸಿಕ್ಕಿಸಿಕೊಂಡು ಓಡಿದಳು. ಕೆಲವು ಎಚ್ಚರವಾಗಲೇ ಇಲ್ಲ. ಆಫೀಸಿನವರನ್ನೂ ಹೊರಗೆ ಎಬ್ಬಿಸಿದೆ. ಬೀಗ ಹಾಕಿ ಕೀಲಿಕೈ ಮುಷ್ಟಿಯಲ್ಲಿ ಹಿಡಿದುಕೊಂಡೆ.

ದೊಡ್ಡ ಮಿಸ್‌ಗೆ ಕೆಂಡದಂಥ ಸಿಟ್ಟು. "ನಾಳೆ ಒಂದು ದಿನ! ಒಂದೇ ದಿನ ಕಣಮ್ಮ, ಆಮೇಲೆ ನಿನ್ನ ಮೇಸ್ತ್ರಿನ ಕರೆಸೋಣ. ಊರಿನ ಜನಕ್ಕೆ ಏನಂತ ಹೇಳಲಿ, ಮಿಸ್ ಹೆದರಿಕೊಂಡ್ರು ಅಂತಲಾ?" "ಹಾಗೇ ಹೇಳಿ" ಎಂದೆ. ನಾನು ಇಷ್ಟು ದಿನ ನಿಂತದ್ದು ಕಲ್ಲಿನ ಮೇಲೆ ಅಪ್ಪ, ಮಕ್ಕಳನ್ನು ನಿಲ್ಲಿಸಿದ್ದು ಹಲಗೆಯ ಮೇಲೆ. ನೀವೂ ಯಾವಾಗಲೂ ಕಟ್ಟೆಯ ಮೇಲೆ ನಿಂತವರು. ನಿಮ್ಮ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ಕೋಪ ಇವತ್ತು ಅರ್ಧ ನನ್ನ ಮೇಲೇ ತಿರುಗಿತು. ಅತ್ತ ತಿರುಗಿ ನೋಡದೆ ಇರುವುದು ಎಷ್ಟು ಸುಲಭ ಎಂದು ತಿಳಿಯಿತು.

ಮಕ್ಕಳೆಲ್ಲ ಮನೆಗೆ ಹೋದರು. ಕೀಲಿಕೈ ಕೊಡು ಎಂದು ದೊಡ್ಡ ಮಿಸ್ ಮತ್ತೆ ಬಂದು ಅಂಗಳದಲ್ಲಿ ನನ್ನೆದುರೇ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ನಾನು ಬೆಂಚಿನ ಮೇಲೆ ಕೂತು ನಿಮಗೆ ಬರೆಯುತ್ತಿದ್ದೇನೆ.

ಪೆನ್ನು ಬಿದ್ದುಹೋಗಿತ್ತು, ಈಗ ಮತ್ತೆ ಹಿಡಿದೆ. ಅಕ್ಷರ ಕ್ಷಮಿಸಿ. ಹಾಲ್ ಹೋಯಿತು. ಕುರ್ಚಿಗಳು, ವಾದ್ಯ, ತೊಲೆ, ಆಫೀಸಿನ ಕಡೆಯ ಗೋಡೆ, ಎಲ್ಲ ಪಾಪುಗಳ ಹಾಸಿಗೆಗಳ ಮೇಲೆ. ಒಳಗೆ ಯಾರೂ ಇರಲಿಲ್ಲ. ಯಾರೂ ತಟ್ಟಲಿಲ್ಲ. ಒಂದರ ಹಿಂದೆ ಒಂದು ಬೀಳುತ್ತದೆ ಎಂದುಕೊಂಡಿದ್ದೆ, ಹಾಗಾಗಲಿಲ್ಲ ಅಪ್ಪ. ಒಂದೇ ಪೆಟ್ಟು.

ದೊಡ್ಡ ಮಿಸ್ ನನ್ನ ಎಡಗೈ ಹಿಡಿದುಕೊಂಡಿದ್ದಾರೆ, ಬಿಡುತ್ತಿಲ್ಲ. ಧೂಳಿನಲ್ಲಿ ಏನೂ ಕಾಣುತ್ತಿಲ್ಲ. ನಾನು ಮಣ್ಣಿನ ಮೇಲೆ ನಿಂತಿದ್ದೇನೆ.

ನಿಮ್ಮ
ಪುಕ್ಕಲಿ